ಮೊನೆ ತೋರಿಸಿ ಕೊಡು

ಅವರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಕೊರಳಲ್ಲಿ ಬಣ್ಣದ ಮಣಿಸರಗಳ ಮೇಲೆ ಒಂದು ದಪ್ಪ ಕರಿದಾರ, ಆ ದಾರದ ತುಂಬ ಸೇಫ್ಟಿ ಪಿನ್ನುಗಳು. ನಟ್ಟನಡುವೆ ಬೆರಳುದ್ದದ ದೊಡ್ಡ ಪಿನ್ನು, ಅದರ ಎರಡೂ ಕಡೆ ಸಣ್ಣದು, ಇನ್ನೂ ಸಣ್ಣದು, ಕತ್ತಿನ ಹಿಂದೆ ಹೋಗುವಷ್ಟರಲ್ಲಿ ಉಗುರಿನಷ್ಟು. ಹೆಜ್ಜೆ ಇಟ್ಟರೆ ಝಿಣ್ ಝಿಣ್. ಭದ್ರಾವತಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಆ ಸದ್ದು ಕೇಳಿದರೆ ಹೆಂಗಸರು ಒಲೆ ಸಣ್ಣ ಮಾಡಿ ಬಾಗಿಲಿಗೆ ಬರುತ್ತಿದ್ದರು.

ನಮಗೆಲ್ಲ ಅವರು ಪಿನ್ನಮ್ಮ. ಹಕ್ಕಿಪಿಕ್ಕಿ ಕ್ಯಾಂಪಿನವರು. ಅವರ ಹಿರಿಯರು ಹಕ್ಕಿ ಹಿಡಿದು ಊರೂರು ಅಲೆದ ಜನ. ಹಕ್ಕಿ ಹಿಡಿಯಬಾರದು ಅಂತ ಕಾನೂನು ಬಂದಮೇಲೆ ಬಲೆ ಮಡಚಿಟ್ಟು ಸೂಜಿ, ಪಿನ್ನು, ರಿಬ್ಬನ್ನು, ಪ್ಲಾಸ್ಟಿಕ್ ಹೂವು ಮಾರಲು ಹೊರಟವರು. ಶಿವಮೊಗ್ಗದ ಹೊರಗೆ ಸರ್ಕಾರ ಕೊಟ್ಟ ಜಾಗದಲ್ಲಿ ಅವರ ಮನೆಗಳಿದ್ದವು. ಅಲ್ಲಿಂದ ಬಸ್ಸು ಹತ್ತಿ ಭದ್ರಾವತಿಗೆ ಬಂದು ಪಿನ್ನಮ್ಮ ನಮ್ಮ ಎದುರುಮನೆಯವರ ಹತ್ತಿರ ತಮಿಳಿನಲ್ಲಿ, ಮೂಲೆಮನೆಯವರ ಹತ್ತಿರ ತೆಲುಗಿನಲ್ಲಿ, ಬಜಾರಿನಲ್ಲಿ ಉರ್ದುವಿನಲ್ಲಿ ಚೌಕಾಶಿ ಮಾಡುತ್ತಿದ್ದರು. ತಮ್ಮವರ ಹತ್ತಿರ ಮಾತ್ರ ವಾಗ್ರಿ. ಅದು ನಮಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ವ್ಯಾಪಾರದ ರೀತಿಯೇ ಬೇರೆ ಅವರದು. ಸೂಜಿ ಕೇಳಿದರೆ ಪೊಟ್ಟಣ ಕೊಟ್ಟು ಹೋಗುವವರಲ್ಲ. ಒಂದೊಂದೇ ಸೂಜಿ ತೆಗೆದು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಅದರ ಮೊನೆ ಎಳೆಯುತ್ತಿದ್ದರು. ಬಿಳಿ ಗೆರೆ ಬಿದ್ದರೆ ಸೂಜಿ ಚೆನ್ನಾಗಿದೆ, ಜಾರಿದರೆ ಮೊಂಡು. ಮೊಂಡು ಸೂಜಿ ಮುಲಾಜಿಲ್ಲದೆ ಚೀಲದ ಬೇರೆ ಜೇಬಿಗೆ. ವರ್ಷಗಟ್ಟಲೆ ಗೀಚಿ ಗೀಚಿ ಆ ಉಗುರು ಹಳೇ ಸ್ಲೇಟಿನ ಥರ ಆಗಿತ್ತು. ಒಮ್ಮೆ ಅಡುಗೆಯ ಗಡಿಬಿಡಿಯಲ್ಲಿದ್ದ ನಮ್ಮಮ್ಮ, ನಿನ್ನ ಮೇಲೆ ನಂಬಿಕೆ ಇದೆ ಮಾರಾಯ್ತಿ, ಹಾಗೇ ಕೊಟ್ಟು ಹೋಗು ಅಂದಳು. ಪಿನ್ನಮ್ಮ ಕದಲಲಿಲ್ಲ.

"ನಂಬೋದು ಆಮೇಲೆ ನಂಬು. ಮೊದ್ಲು ಮೊನೆ ನೋಡು" ಅಂದರು. ಸಾರು ಒಲೆಯ ಮೇಲೆ ಉಕ್ಕಿಹೋಯಿತು. ಅಮ್ಮ ಬೈದುಕೊಂಡೇ ಹತ್ತೂ ಸೂಜಿಯ ಮೊನೆ ನೋಡಿದಳು.

ಆಗ ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಏಕವಚನದಲ್ಲೇ. ಐದು ವರ್ಷದ ನಾನೂ 'ಪಿನ್ನಮ್ಮ ಬಂದ್ಲು' ಎಂದು ಕೂಗುತ್ತಿದ್ದೆ, ಯಾರೂ ತಿದ್ದಲಿಲ್ಲ. ಈಗ ಬಹುವಚನ ಬರೆಯುತ್ತಿದ್ದೇನಲ್ಲ, ಇದು ನನಗೆ ದೊಡ್ಡವಳಾದ ಮೇಲೆ ಬಂದ ಬುದ್ಧಿ. ತಡವಾಗಿ ಬಂತು, ಆದರೂ ಬಂತು.

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ ಮುಗಿಸಿದಾಗ ತೊಂಬತ್ತರ ದಶಕ ಕೊನೆಗೆ ಬಂದಿತ್ತು. ಶಿವಮೊಗ್ಗದ ರಾಗಿಗುಡ್ಡದಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲಿ ನಾಲ್ಕು ಜನರ ಒಂದು ತಂಡ. ನಾಟಕ, ಹಾಡು, ಧ್ವನಿಮುದ್ರಣ ಇಟ್ಟುಕೊಂಡು ಬುಡಕಟ್ಟಿನ ಜನರ ಜೊತೆ ಕೆಲಸ ಮಾಡಬೇಕು ಎಂದು ಹೊರಟಿದ್ದವರು. ತಂಡ ಕಟ್ಟಿದವರನ್ನು ನಾವು ಸರ್ ಎನ್ನುತ್ತಿದ್ದೆವು. ಅವರ ತಲೆಯಲ್ಲಿ ಒಂದು ಹುಚ್ಚು ಹೊಕ್ಕಿತ್ತು: ಹಕ್ಕಿಪಿಕ್ಕಿ ಕ್ಯಾಂಪಿನವರೇ ತಯಾರಿಸುವ ಕ್ಯಾಸೆಟ್ ಪತ್ರಿಕೆ. ಓದು ಬರಹ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಮಾತು ಬಂದರಾಯಿತು. ತಿಂಗಳಿಗೊಂದು ಕ್ಯಾಸೆಟ್, ಅದರ ಪ್ರತಿಗಳು ಬೇರೆ ಬೇರೆ ಕ್ಯಾಂಪುಗಳಿಗೆ. ನನಗೆ ಆ ಹುಚ್ಚು ಹಿಡಿಸಿತು.

ಹುಮ್ಮಸ್ಸಿನಲ್ಲಿ ಮೊದಲ ದಿನ ಛಾಪಿಸಿದ ಪ್ರಶ್ನೆಪಟ್ಟಿ ಹಿಡಿದುಕೊಂಡೇ ಹೋದೆವು. ನಿಮ್ಮ ಕುಲ ಯಾವುದು, ದೇವರು ಯಾವುದು, ಏನು ತಿನ್ನುತ್ತೀರಿ, ಮದುವೆ ಹೇಗೆ, ಎಷ್ಟು ದಿನಕ್ಕೊಮ್ಮೆ ಸ್ನಾನ. ಅಲ್ಲಿನ ಜನ ನಮಗಿಂತ ಹುಷಾರು. ಎಷ್ಟೋ ವಿದ್ಯಾರ್ಥಿಗಳು ಬಂದು ಇದನ್ನೇ ಕೇಳಿ ಹೋಗಿದ್ದರಲ್ಲ, ನಾವು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಒಪ್ಪಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಝಿಣ್ ಝಿಣ್ ಕೇಳಿತು. ಪಿನ್ನಮ್ಮ ಬಂದು ನನ್ನ ಕಿವಿ ಹಿಡಿದು ನೋಡಿದರು. ಕಿವಿ ಚುಚ್ಚಿಸಿ ಬೇವಿನ ಕಡ್ಡಿ ಇಟ್ಟುಕೊಂಡು ಬೀದಿಯೆಲ್ಲ ಅತ್ತವಳು ನೀನೇ ಅಲ್ವಾ ಎಂದು ಕೇಳಿ, ನಾಲ್ಕು ಜನರ ಎದುರು ನನ್ನ ಹಳೆಯ ಹೆಸರು ಹಿಡಿದು ಕರೆದರು.

ಆ ಹೆಸರು ನನ್ನಜ್ಜಿ ಇಟ್ಟದ್ದು. ಹೈಸ್ಕೂಲಿನಲ್ಲಿ ಪರೀಕ್ಷೆ ಅರ್ಜಿ ತುಂಬುವಾಗ ಅದನ್ನು ಕಿತ್ತುಹಾಕಿ ಚೆಂದದ ಹೆಸರೊಂದನ್ನು ಬರೆಸಿಕೊಂಡಿದ್ದೆ. ಶಂಕರಘಟ್ಟದಲ್ಲಿ ಯಾರಿಗೂ ಗೊತ್ತಿರಲಿಲ್ಲ, ತಂಡದಲ್ಲೂ ಗೊತ್ತಿರಲಿಲ್ಲ. ಪಿನ್ನಮ್ಮನನ್ನು ಪಕ್ಕಕ್ಕೆ ಕರೆದು, ಅದನ್ನು ಮಾತ್ರ ಕರೆಯಬೇಡಿ ಎಂದು ಬೇಡಿಕೊಂಡೆ. ಯಾಕೆ ಎಂದು ಅವರು ಕೇಳಲಿಲ್ಲ. "ಸರಿ ಮಾರಾಯ್ತಿ" ಅಂದರು ಅಷ್ಟೇ. ಅಂದಿನಿಂದ ನಾನು ಅವರಿಗೆ ಬರೀ ಮಾರಾಯ್ತಿ.

ಪ್ರಶ್ನೆಪಟ್ಟಿ ಅಲ್ಲೇ ಸತ್ತಿತು. ಪಿನ್ನಮ್ಮ ನನ್ನ ಕೈಯಿಂದ ಟೇಪ್‌ರೆಕಾರ್ಡರ್ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಕೆಂಪು ಗುಂಡಿ ಯಾವುದು ಎಂದು ಕೇಳಿ ತಿಳಿದುಕೊಂಡರು. ಮೂರನೆಯ ವಾರದ ಹೊತ್ತಿಗೆ ಮೈಕು ನಮ್ಮ ಕೈಯಲ್ಲಿರಲಿಲ್ಲ. ಅವರ ಮಗ ಹಿಡಿಯುತ್ತಿದ್ದ, ಸೊಸೆ ಹಿಡಿಯುತ್ತಿದ್ದಳು, ಹೆಚ್ಚಾಗಿ ಅವರೇ ಹಿಡಿಯುತ್ತಿದ್ದರು. ಹಕ್ಕಿ ಕೂಗು, ಬಸ್ಸಿನಲ್ಲಿ ಕಂಡಕ್ಟರನ ಜೊತೆ ಆದ ಜಗಳ, ಸೊಸೆ ಹೇಳುವ ಹಾಡು, ಯಾವ ಊರಿನಲ್ಲಿ ಯಾವ ಮಾಲು ಹೋಗುತ್ತದೆ ಎಂಬ ಸುದ್ದಿ, ಎಲ್ಲವೂ ಕ್ಯಾಸೆಟ್ಟಿನಲ್ಲಿ. ಅದಕ್ಕೆಲ್ಲ ಪಿನ್ನಮ್ಮನದು ಒಂದೇ ಕಟ್ಟಳೆ. ಇವತ್ತು ತುಂಬಿಸಿಕೊಂಡಿದ್ದನ್ನು ಇವತ್ತೇ ಎಲ್ಲರಿಗೂ ಕೇಳಿಸಬೇಕು. ಯಾರಾದರೂ ಬೇಡ ಅಂದರೆ ಅಲ್ಲೇ ಅಳಿಸಬೇಕು. ರಾಗಿಗುಡ್ಡಕ್ಕೆ ಹೋಗಿ ಏನಾದರೂ ಕತ್ತರಿಸಿದರೆ, ಕತ್ತರಿಸಿದ್ದನ್ನು ಮತ್ತೆ ತಂದು ಕೇಳಿಸಬೇಕು.

"ಮೊನೆ ತೋರಿಸಿ ಕೊಡು" ಎನ್ನುತ್ತಿದ್ದರು, ಸೂಜಿಗೂ ಕ್ಯಾಸೆಟ್ಟಿಗೂ ಒಂದೇ ಮಾತು. ಸಮುದಾಯದ ಸಹಭಾಗಿತ್ವ ಅಂತ ನಮ್ಮ ಸರ್ ಎರಡು ದಿನ ಕಮ್ಮಟ ಮಾಡಿ ನಮಗೆ ಕಲಿಸಿದ್ದನ್ನು ಪಿನ್ನಮ್ಮ ಮೂರು ಶಬ್ದದಲ್ಲಿ ಹೇಳಿ ಮುಗಿಸಿದ್ದರು. ಸರ್ ಅದನ್ನು ಒಪ್ಪಿಕೊಂಡು ನಕ್ಕರು, ದೊಡ್ಡ ಮನುಷ್ಯ.

ಭಾನುವಾರ ಪಿನ್ನಮ್ಮನ ವ್ಯಾಪಾರ ಗಾಜನೂರಿನಲ್ಲಿ, ಡ್ಯಾಮ್ ನೋಡಲು ಬರುವವರ ನಡುವೆ. ಒಂದು ಭಾನುವಾರ ನಾನೂ ಹೋದೆ. ಹೂವಿನ ಚೀಲ ನನ್ನ ಕೈಗೆ ಕೊಟ್ಟು ಅವರು ಮೈಕು ಹಿಡಿದರು. ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತ ಒಂದು ಸಂಸಾರದ ಹತ್ತಿರ ಹೋಗಿ, ನಮ್ಮ ಸತ್ತ ಪ್ರಶ್ನೆಪಟ್ಟಿಯನ್ನು ಒಂದೂ ಬಿಡದೆ ಕೇಳಿದರು. ನಿಮ್ಮ ಕುಲ ಯಾವುದು, ಏನು ತಿನ್ನುತ್ತೀರಿ, ನಿಮ್ಮಲ್ಲಿ ಮದುವೆ ಹೇಗೆ ನಡೆಯುತ್ತದೆ, ಎಷ್ಟು ದಿನಕ್ಕೊಮ್ಮೆ ಸ್ನಾನ. ಯಜಮಾನರು ಮೊದಲು ಬಿಗುಮಾನದಿಂದ ಉತ್ತರಿಸಿದರು. ಸ್ನಾನದ ಪ್ರಶ್ನೆಗೆ ಬರುವಷ್ಟರಲ್ಲಿ ಅವರ ಹೆಂಡತಿ ಎದ್ದು ನಿಂತು, ಅದೆಲ್ಲ ನಿನಗ್ಯಾಕೆ ಎಂದು ಜಗಳಕ್ಕೇ ಬಂದರು. ಪಿನ್ನಮ್ಮ ತಣ್ಣಗೆ ಒಂದು ಗುಲಾಬಿ ಹೂವು ಕೊಟ್ಟು ಈಚೆ ಬಂದರು.

"ನೋಡಿದ್ಯಾ ಮಾರಾಯ್ತಿ, ಇವ್ರಿಗೂ ಕೋಪ ಬರುತ್ತೆ" ಅಂದರು. ನನಗೆ ನಗು ತಡೆಯಲು ಆಗಲಿಲ್ಲ. ನಾವೂ ಇದನ್ನೇ ಕೇಳಿದ್ದೆವಲ್ಲ ಎಂಬುದು ಬಸ್ಸಿನಲ್ಲಿ ಕೂತಮೇಲೆ ಹೊಳೆದು ನಗು ನಿಂತಿತು. ಆ ತಿಂಗಳ ಕ್ಯಾಸೆಟ್ಟು ಕ್ಯಾಂಪುಗಳಲ್ಲಿ ಕೇಳಿ ಕೇಳಿ ಸವೆದುಹೋಯಿತಂತೆ.

ನಮ್ಮಿಬ್ಬರ ನಡುವೆ ಇದ್ದ ತಕರಾರು ಒಂದೇ, ಆ ಪಿನ್ನುಗಳ ಸದ್ದು. ಅವರು ಮಾತಾಡುವಾಗ ಕೊರಳು ಅಲುಗಿದರೆ ರೆಕಾರ್ಡಿಂಗಿನಲ್ಲಿ ಝಿಣ್ ಅಂತ ಬರುತ್ತಿತ್ತು. ಐದು ನಿಮಿಷ ತೆಗೆದಿಡಿ ಅಮ್ಮ ಎಂದು ನಾನು ಬೇಡಿದರೆ ಅವರು ಕೇಳುವವರೇ ಅಲ್ಲ. ಈ ಸದ್ದು ಇಲ್ಲದೆ ಮಾತಾಡಿದರೆ ಯಾರೋ ಬೇರೆಯವರು ಅಂದುಕೊಳ್ಳುತ್ತಾರೆ ಎನ್ನುವುದು ಅವರ ವಾದ.

ಇನ್ನು ಕ್ಯಾಂಪಿನ ಹೆಸರುಗಳ ವಿಷಯ. ಅವರಲ್ಲಿ ಮಗು ಹುಟ್ಟಿದಾಗ ಅಪ್ಪ ಅಮ್ಮ ಕಂಡದ್ದು, ಕೇಳಿದ್ದು, ಮೆಚ್ಚಿದ್ದು ಏನಿದೆಯೋ ಅದನ್ನೇ ಹೆಸರಿಡುವ ರೂಢಿ. ಪಿನ್ನಮ್ಮನ ಮಗನ ಹೆಸರು ಸೈರನ್. ಭದ್ರಾವತಿಯಲ್ಲಿ ವ್ಯಾಪಾರಕ್ಕೆ ಬಂದಿದ್ದಾಗ, ಕಾರ್ಖಾನೆಯ ಆಚೆ ಬಯಲಿನ ಡೇರೆಯಲ್ಲಿ ಅವನು ಹುಟ್ಟಿದ, ಹುಟ್ಟಿದ ಗಳಿಗೆಗೆ ಸರಿಯಾಗಿ ಪಾಳಿ ಬದಲಾವಣೆಯ ಸೈರನ್ ಕೂಗಿತು. ಊರಿಗೆ ಊರೇ ನನ್ನ ಮಗ ಬಂದ ಅಂತ ಕೂಗಿ ಹೇಳಿತು ಎನ್ನುತ್ತಿದ್ದರು ಪಿನ್ನಮ್ಮ. ಸೊಸೆ ಗ್ಲೂಕೋಸ್. ಹೆರಿಗೆಯ ಹೊತ್ತಿಗೆ ಅವಳ ತಾಯಿ ಸಾಯುವಂತಿದ್ದಾಗ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸಿ ಇಬ್ಬರನ್ನೂ ಉಳಿಸಿದ್ದರಂತೆ. ಕ್ಯಾಸೆಟ್ಟಿನಲ್ಲಿ ಮಾತಾಡುವವರು ಮೊದಲು ಹೆಸರು ಹೇಳಿ, ಆ ಹೆಸರು ಬಂದ ಕಥೆ ಹೇಳಿ, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಪಿನ್ನಮ್ಮನಿಗೂ ಅಂಥದೇ ಒಂದು ಹೆಸರಿತ್ತು. ಅವರ ಅಪ್ಪ ಶಿವಮೊಗ್ಗದ ಪೇಟೆಯಲ್ಲಿ ಜೀವಮಾನದಲ್ಲಿ ಮೊದಲ ಸಲ ಕಂಡ ಒಂದು ವಸ್ತುವಿನ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ಒಮ್ಮೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕ್ಯಾಸೆಟ್ ಕೇಳಿಸಲು ಕರೆದರು. ಸೈರನ್‌ನನ್ನೂ ಕರೆದುಕೊಂಡು ಹೋಗಿದ್ದೆ, ಪಿನ್ನಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಟೇಪಿನಲ್ಲಿ 'ನನ್ನ ಹೆಸರು ಸೈರನ್' ಎಂದು ಬಂದದ್ದೇ ತಡ, ಹುಡುಗರು ಬಿದ್ದು ಬಿದ್ದು ನಕ್ಕರು. ಒಬ್ಬ ಬಾಯಲ್ಲೇ ಸೈರನ್ ಊದಿದ. ಸೈರನ್ ಎದ್ದು ಹೊರಗೆ ಹೋದವನು ಬಸ್‌ಸ್ಟ್ಯಾಂಡಿನವರೆಗೆ ತಿರುಗಿ ನೋಡಲಿಲ್ಲ. ನಾನು ಟೇಪ್‌ರೆಕಾರ್ಡರಿನ ಮೇಲೆ ಕಣ್ಣಿಟ್ಟು ಕೂತೆ. ಇನ್ನು ಮೇಲೆ ಇವರ ಹೆಸರಿಗೆ ಯಾರೂ ನಗದಂತೆ ನೋಡಿಕೊಳ್ಳುತ್ತೇನೆ ಎಂದು ಅವತ್ತೇ ನಿಶ್ಚಯ ಮಾಡಿಕೊಂಡೆ. ಎಂಥ ಘನಂದಾರಿ ನಿಶ್ಚಯ.

ಅವಕಾಶವೂ ಬೇಗ ಬಂತು. ನಗರದ ದೊಡ್ಡ ಸಭಾಂಗಣದಲ್ಲಿ ಒಂದು ಸಾಂಸ್ಕೃತಿಕ ಕಾರ್ಯಕ್ರಮ. ಕ್ಯಾಂಪಿನವರು ಎಲೆ ಗರಿ ಕಟ್ಟಿಕೊಂಡು ಬುಡಕಟ್ಟು ನೃತ್ಯ ಮಾಡಲಿ ಎಂದು ನಡೆಸುವವರ ಆಸೆ. ನಾವು ಯಾವ ಕಾಲಕ್ಕೆ ಎಲೆ ಕಟ್ಟಿಕೊಂಡಿದ್ದೆವು ಎಂದು ಪಿನ್ನಮ್ಮ ಕೇಳಿದರು. ಸರ್ ಹೋಗಿ ಹಟ ಹಿಡಿದು, ಕುಣಿತದ ಬದಲು ಅರ್ಧ ಗಂಟೆ ಕ್ಯಾಸೆಟ್ ಪತ್ರಿಕೆ ಕೇಳಿಸುವುದು ಎಂದು ಒಪ್ಪಿಸಿ ಬಂದರು. ಊರಿನ ಗಣ್ಯರ ಮುಂದೆ ಕ್ಯಾಂಪು ತನ್ನ ಬಾಯಿಂದ ತನ್ನ ಮಾತು ಹೇಳುವ ಮೊದಲ ಸಲ. ಅದಕ್ಕೆಂದೇ ಕ್ಯಾಂಪಿನಲ್ಲಿ ಹೊಸದಾಗಿ ಒಂದು ಕ್ಯಾಸೆಟ್ ತುಂಬಿಸಿಕೊಂಡೆವು, ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಅದರಿಂದ ಆ ಅರ್ಧ ಗಂಟೆಯನ್ನು ಜೋಡಿಸುವ ಕೆಲಸ ನನ್ನದು.

ರಾಗಿಗುಡ್ಡದ ಕೋಣೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರ್ ಮುಂದೆ ಕೂತು ನಾನು ಎಲ್ಲ ಹೆಸರುಗಳನ್ನೂ ಕತ್ತರಿಸಿದೆ. ಸೈರನ್ ಹೋದ, ಗ್ಲೂಕೋಸ್ ಹೋದಳು, ಪಿನ್ನಮ್ಮ ತಮ್ಮ ಹೆಸರಿನ ಕಥೆ ಹೇಳಿದ್ದ ಆರು ನಿಮಿಷ ಹೋಯಿತು. ಆ ಜಾಗದಲ್ಲಿ ನನ್ನದೇ ದನಿ ತುಂಬಿಸಿದೆ: 'ಕ್ಯಾಂಪಿನ ಓರ್ವ ಯುವಕ', 'ಓರ್ವ ಗೃಹಿಣಿ', 'ಓರ್ವ ಹಿರಿಯ ಮಹಿಳೆ'. ಪಿನ್ನಿನ ಸದ್ದು ಬಂದಲ್ಲೆಲ್ಲ ಅದನ್ನೂ ಆದಷ್ಟು ತೆಗೆದೆ. ಕೇಳಿದರೆ ಎಷ್ಟು ಚೊಕ್ಕ, ರೇಡಿಯೋದಲ್ಲಿ ಬಂದ ಹಾಗೆ. ಖಾಲಿ ಕ್ಯಾಸೆಟ್ ಮುಗಿದಿದ್ದವು. ಮೂಲ ಕ್ಯಾಸೆಟ್ಟಿನ ಕೆಲಸ ಆಯಿತಲ್ಲ ಎಂದು ಅದರ ಮೇಲೆಯೇ ಮುಂದಿನ ತಿಂಗಳ ಹಾಡು ತುಂಬಿಸಿಬಿಟ್ಟೆ. ಕ್ಯಾಂಪಿಗೆ ಒಯ್ದು ಕೇಳಿಸಲಿಲ್ಲ. ದಿನ ಕಡಿಮೆ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಮೆಟ್ಟಿಲ ಮೇಲೆ ಝಿಣ್ ಝಿಣ್ ಕೇಳಿತು. ಪಿನ್ನಮ್ಮ ರಾಗಿಗುಡ್ಡದವರೆಗೆ ಬಂದಿದ್ದರು. ಚೀಲ ಕೆಳಗಿಟ್ಟು, ಕೊಟ್ಟ ನೀರು ಕುಡಿದು, ಮೊನೆ ತೋರಿಸು ಅಂದರು. ನಾನು ಹೆಮ್ಮೆಯಿಂದಲೇ ಕ್ಯಾಸೆಟ್ ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಯಾರ ಕ್ಯಾಸೆಟ್ಟು ಇದು?"

ನಿಮ್ಮದೇ ಅಮ್ಮ ಅಂದೆ.

"ನಮ್ದಾದ್ರೆ ನಾವೆಲ್ಲಿದೀವಿ ಇದ್ರಲ್ಲಿ?"

ಕಾಲೇಜಿನಲ್ಲಿ ನಕ್ಕರಲ್ಲ, ಸೈರನ್ ಎದ್ದುಹೋದನಲ್ಲ, ಮತ್ತೆ ಹಾಗಾಗಬಾರದು ಅಂತ ಮಾಡಿದೆ ಎಂದು ವಿವರಿಸಿದೆ. ಪಿನ್ನಮ್ಮ ನನ್ನನ್ನೇ ನೋಡಿದರು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು.

"ಹುಡುಗ್ರು ನಕ್ಕಿದ್ದಕ್ಕೆ ಅವ್ನು ಎದ್ದು ಹೋಗಿಲ್ಲ ಮಾರಾಯ್ತಿ. ನಗೋರನ್ನ ನಾವು ದಿನಾ ನೋಡ್ತೀವಿ. ಅವ್ರು ನಕ್ಕಾಗ ನೀನು ತಲೆ ತಗ್ಗಿಸ್ದೆ. ಅದನ್ನ ನೋಡಿ ಹೋದ."

ನಿಜ, ಟೇಪ್‌ರೆಕಾರ್ಡರ್ ನೋಡುತ್ತ ಕೂತಿದ್ದೆನಲ್ಲ. ಸರಿ, ಹಳೇದನ್ನೇ ಹಾಕು, ಅದನ್ನೇ ಕೊಂಡೊಯ್ಯೋಣ ಅಂದರು ಅವರು. ಅದರ ಮೇಲೆ ಬೇರೆ ತುಂಬಿಸಿಬಿಟ್ಟಿದ್ದೇನೆ ಎಂದು ಹೇಳಬೇಕಾಯಿತು. ಪಿನ್ನಮ್ಮ ಚೀಲ ಎತ್ತಿಕೊಂಡು ಇಳಿದು ಹೋದರು. ಪಿನ್ನುಗಳ ಸದ್ದು ಬೀದಿಯ ತಿರುವಿನವರೆಗೆ ಕೇಳುತ್ತಿತ್ತು. ನಾನು ಅಲ್ಲೇ ಕೂತು ಅತ್ತೆ. ಎರಡು ವರ್ಷ ಕಟ್ಟಿದ ನಂಬಿಕೆಯನ್ನು ಒಂದು ಮಧ್ಯಾಹ್ನದಲ್ಲಿ ಹಾಳುಮಾಡಿದ್ದೆ, ಅದೂ ಅವರಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು.

ಮರುದಿನ ಬೆಳಿಗ್ಗೆ ಕ್ಯಾಂಪಿಗೆ ಹೋದೆ. ಸುದ್ದಿ ಆಗಲೇ ಮನೆಮನೆಗೂ ಹೋಗಿತ್ತು. ನಾನು ಹೋದರೆ ಚಾಪೆ ಹಾಸುತ್ತಿದ್ದ ಗ್ಲೂಕೋಸ್ ಹೂವಿಗೆ ತಂತಿ ಸುತ್ತುತ್ತ ತಲೆ ಎತ್ತಲಿಲ್ಲ. ಎಲ್ಲರ ಹೆಸರನ್ನೂ ಮತ್ತೆ ತುಂಬಿಸಿಕೊಳ್ಳಲು ಬಂದಿದ್ದೇನೆ, ತಪ್ಪಾಯಿತು ಅಂದೆ. ಕಡೆಗೆ ಪಿನ್ನಮ್ಮ ಹೊರಗೆ ಬಂದು, ನನ್ನನ್ನು ಎಲ್ಲರ ನಡುವೆ ಕೂರಿಸಿ, ಟೇಪ್‌ರೆಕಾರ್ಡರ್ ತಾವು ತೆಗೆದುಕೊಂಡು, ಮೈಕು ಸೈರನ್ ಕೈಗೆ ಕೊಟ್ಟರು. ಅವನು ಅದನ್ನು ನನ್ನ ಬಾಯಿಗೆ ಹಿಡಿದು, ನಿಮ್ಮ ಹೆಸರೇನು, ಹೇಗೆ ಬಂತು ಹೇಳಿ ಅಂದ. ನಾನು ಕಾಲೇಜಿನ ಚೆಂದದ ಹೆಸರು ಹೇಳಿದೆ. ಪಿನ್ನಮ್ಮ ಟೇಪು ನಿಲ್ಲಿಸಿದರು.

"ಇದು ಮೊಂಡು. ಬೇರೇದು ತೆಗಿ" ಅಂದರು.

ಅವರು ಬಯಸಿದ್ದರೆ ಆ ಹೆಸರನ್ನು ತಾವೇ ಹೇಳಿಬಿಡಬಹುದಿತ್ತು, ಅವರಿಗೆ ಗೊತ್ತಿತ್ತಲ್ಲ. ಹೇಳಲಿಲ್ಲ. ಕೆಂಪು ಗುಂಡಿ ಒತ್ತಿ ಕಾದರು.

"ನನ್ನ ಹೆಸರು ಸಾಕಮ್ಮ" ಅಂದೆ.

ಕ್ಯಾಂಪಿಗೆ ಕ್ಯಾಂಪೇ ನಕ್ಕಿತು. ಸೈರನ್ ಕೈಯ ಮೈಕು ಅಲ್ಲಾಡಿತು. ನಾನು ಇನ್ನೇನು ಏಳಬೇಕು, ಪಿನ್ನಮ್ಮ ನನ್ನ ಮೊಣಕಾಲ ಮೇಲೆ ಕೈ ಇಟ್ಟು ಕೂರಿಸಿದರು. ನಗು ಮುಗಿಯುವವರೆಗೆ ಕಾದು, "ಆಯ್ತಾ? ಈಗ ಹೇಳು" ಅಂದರು. ಹೇಳಿದೆ. ಮನೆಯಲ್ಲಿ ಮೊದಲೆರಡು ಹೆಣ್ಣು, ಮೂರನೆಯದಾಗಿ ನಾನು. ಹೆರಿಗೆಯಾದ ಕೋಣೆಯ ಬಾಗಿಲಲ್ಲೇ ನಿಂತು ಅಜ್ಜಿ, ಹೆಣ್ಣು ಇನ್ನು ಸಾಕು ಎಂದು ಹೇಳಿ ಆ ಹೆಸರೇ ಇಟ್ಟಳು. ಆಮೇಲೆ ತಮ್ಮ ಹುಟ್ಟಿದ. ಹೆಸರಿನ ಗುಣ ನೋಡಿ ಎಂದು ಬಂದವರಿಗೆಲ್ಲ ಹೇಳಿಕೊಂಡಳು. ಶಾಲೆಯಲ್ಲಿ ಹಾಜರಿ ಕರೆದಾಗಲೆಲ್ಲ ನಾನು ಬೇಡವಾದವಳು ಅಂತ ಮತ್ತೆ ಮತ್ತೆ ಕೇಳಿಸಿಕೊಂಡ ಹಾಗೆ ಆಗುತ್ತಿತ್ತು. ಇಷ್ಟನ್ನು ನಾನು ಅದುವರೆಗೆ ಯಾರ ಎದುರೂ ಹೇಳಿರಲಿಲ್ಲ.

ಗ್ಲೂಕೋಸ್ ವಾಗ್ರಿಯಲ್ಲಿ ಏನೋ ಅಂದಳು, ಹೆಂಗಸರು ಹೌದು ಹೌದು ಎಂದು ತಲೆ ಆಡಿಸಿದರು. ಏನಂತೆ ಎಂದು ಪಿನ್ನಮ್ಮನನ್ನು ಕೇಳಿದೆ. "ನಮ್ಮಲ್ಲಿ ಮಕ್ಕಳಿಗೆ ಖುಷಿಯಿಂದ ಹೆಸ್ರು ಇಡ್ತಾರೆ, ನಿಮ್ಮೋರಿಗೆ ಅದು ಯಾರೂ ಹೇಳ್ಕೊಟ್ಟಿಲ್ವಾ ಅಂತ ಕೇಳ್ತಾಳೆ" ಅಂದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಗ್ಲೂಕೋಸ್ ಎದ್ದು ಚಾಪೆ ತಂದಳು.

ಆ ಚಾಪೆಯ ಮೇಲೆ ಕೂತು ಎರಡು ದಿನದಲ್ಲಿ ಇಡೀ ಕ್ಯಾಂಪಿನ ಹೆಸರುಗಳನ್ನು ಮತ್ತೆ ತುಂಬಿಸಿಕೊಂಡೆವು. ಎಲ್ಲವನ್ನೂ ಎಲ್ಲರಿಗೂ ಕೇಳಿಸಿದೆವು. ಪಿನ್ನಮ್ಮ ಮಾತ್ರ ತಮ್ಮದನ್ನು ಕೊಡಲಿಲ್ಲ. ನಾನು ಅಳಿಸಿದ ಆರು ನಿಮಿಷ ಮತ್ತೆ ಸಿಗುವುದಿಲ್ಲ ಎಂದುಕೊಂಡೆ, ಕೇಳಲು ಮುಖ ಇರಲಿಲ್ಲ. ಹೊರಡುವಾಗ ಅವರೇ, ನನ್ನದು ಅಲ್ಲಿ ಹೇಳುತ್ತೇನೆ, ನೀನು ಕೆಂಪು ಗುಂಡಿ ಒತ್ತುವುದನ್ನು ಮರೆಯಬೇಡ ಅಂದರು.

ಸಭಾಂಗಣ ತುಂಬಿತ್ತು. ಕ್ಯಾಂಪಿನವರು ವೇದಿಕೆಯ ಮೇಲೆ ಕೂತಿದ್ದರು. ಕ್ಯಾಸೆಟ್ಟಿನಲ್ಲಿ ಸೈರನ್ ಹೆಸರು ಬಂದಾಗ ಜನ ನಕ್ಕರು. ಸೈರನ್ ಕೂತಲ್ಲಿಂದ ಏಳದೆ ನನ್ನ ಕಡೆ ನೋಡಿದ. ನಾನು ತಲೆ ಎತ್ತಿಕೊಂಡೇ ಇದ್ದೆ. ಕ್ಯಾಸೆಟ್ ಮುಗಿದಮೇಲೆ ನಿರೂಪಕರು, ಈಗ ಬುಡಕಟ್ಟಿನ ಓರ್ವ ಹಿರಿಯ ಮಹಿಳೆ ಎರಡು ಮಾತಾಡುತ್ತಾರೆ ಅಂದರು. ಪಿನ್ನಮ್ಮ ಎದ್ದು ಬಂದರು. ಮೈಕಿನವನು ಪಿನ್ನಿನ ಸರ ಸದ್ದು ಮಾಡುತ್ತದೆ, ತೆಗೆಯಿರಿ ಎಂದು ಸನ್ನೆ ಮಾಡಿದ. ಅವರು ಕಾಣದವರ ಹಾಗೆ ಮೈಕಿಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದರು. ಝಿಣ್ ಎಂದು ಇಡೀ ಸಭಾಂಗಣಕ್ಕೆ ಕೇಳಿತು. ಆಮೇಲೆ ತಮ್ಮ ಹೆಸರು ಹೇಳಿದರು.

ನಗು ಅಂದರೆ ನಗು. ಮುಂದಿನ ಸಾಲಿನ ಗಣ್ಯರೂ ಬಾಯಿಗೆ ಕರವಸ್ತ್ರ ಹಿಡಿದರು. ಪಿನ್ನಮ್ಮ ಅವಸರ ಮಾಡಲಿಲ್ಲ. ಸೆರಗಿನಿಂದ ಒಂದು ಸೂಜಿ ತೆಗೆದು ಹೆಬ್ಬೆರಳ ಉಗುರಿನ ಮೇಲೆ ಮೊನೆ ಎಳೆದು ನೋಡಿದರು, ಮತ್ತೆ ಸೆರಗಿಗೆ ಚುಚ್ಚಿಕೊಂಡರು. ನಗು ಕಡಿಮೆಯಾಗಿ, ಅಲ್ಲಲ್ಲಿ ಉಳಿದು, ನಿಂತಿತು. "ಆಯ್ತಾ?" ಎಂದು ಕೇಳಿದರು. ಆಮೇಲೆ ಅಪ್ಪನ ಕಥೆ ಹೇಳಿದರು. ಹಕ್ಕಿ ಮಾರಲು ಪೇಟೆಗೆ ಬಂದ ಅಪ್ಪ ಆ ವಸ್ತುವನ್ನು ಕಂಡದ್ದು, ಅಂಗಡಿಯವನು ಮುಟ್ಟಬೇಡ ಎಂದು ಗದರಿದ್ದು, ಮಧ್ಯಾಹ್ನದವರೆಗೂ ಬಿಸಿಲಲ್ಲಿ ದೂರ ನಿಂತು ನೋಡಿದ್ದು. ಡೇರೆಗೆ ಬಂದಾಗ ಮಗಳು ಹುಟ್ಟಿದ್ದಳು. ಮುಟ್ಟಬಾರದು ಅಂದ ವಸ್ತುವಿನ ಹೆಸರನ್ನು ಅಪ್ಪ ಮಗಳಿಗಿಟ್ಟು ಎತ್ತಿಕೊಂಡನಂತೆ. "ಅಪ್ಪ ದಿನಾ ನನ್ನ ಎತ್ಕೊಂಡು ಆ ಹೆಸ್ರು ಕರೀತಿದ್ದ. ಯಾವನು ಬಂದು ಬೇಡ ಅಂತಾನೆ?" ಅಂದರು. ನನ್ನ ತೊಡೆಯ ಮೇಲೆ ಟೇಪು ತಿರುಗುತ್ತಿತ್ತು.

ಕ್ಯಾಸೆಟ್ ಪತ್ರಿಕೆ ಇನ್ನೂ ಕೆಲವು ವರ್ಷ ನಡೆಯಿತು. ಆಮೇಲೆ ಸೀಡಿ ಬಂತು, ಮೊಬೈಲು ಬಂತು, ತಂಡದವರು ಅವರವರ ದಾರಿ ಹಿಡಿದರು. ನಾನು ಪಾಠ ಹೇಳುವ ಕೆಲಸ ಹಿಡಿದೆ. ಪಿನ್ನಮ್ಮ ಆಗಾಗ ಬಂದು, ಮಾರಾಯ್ತಿ ಎಂದು ಕರೆಯುವುದನ್ನು ಬಿಟ್ಟು, ಬಾಯಿ ತುಂಬ ಸಾಕಮ್ಮ ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಒಂದು ಮಳೆಗಾಲ ಜ್ವರವೆಂದು ಮಲಗಿದವರು ಏಳಲಿಲ್ಲ. ಸೈರನ್ ಫೋನು ಮಾಡಿ ಹೇಳಿದ.

ಕೆಲವು ದಿನ ಬಿಟ್ಟು ಆ ಸಭಾಂಗಣದ ಟೇಪು ತೆಗೆದುಕೊಂಡು ಕ್ಯಾಂಪಿಗೆ ಹೋದೆ. ಈಗ ಕಂಪ್ಯೂಟರಿನಲ್ಲಿ ಹಾಕಿ ಜನರ ನಗು, ಪಿನ್ನಿನ ಸದ್ದು ಎಲ್ಲ ತೆಗೆದು ಚೊಕ್ಕ ಮಾಡಿಕೊಡಬಹುದು ಎಂದು ಪರಿಚಯದವರೊಬ್ಬರು ಹೇಳಿದ್ದರು. ನಾನು ಕೈ ಹಚ್ಚಿರಲಿಲ್ಲ. ಟೇಪು ಹಾಕಿದಾಗ ಮೊದಲು ಝಿಣ್ ಎಂದಿತು. ಆ ಸದ್ದು ಕೇಳಿ ಗ್ಲೂಕೋಸ್ ಅಭ್ಯಾಸಬಲದಿಂದ ನೀರು ತರಲು ಎದ್ದವಳು, ಎರಡು ಹೆಜ್ಜೆ ಹೋಗಿ ಹಾಗೇ ನಿಂತುಬಿಟ್ಟಳು. ಪೂರ್ತಿ ಕೇಳಿಸಿ, ನಗು ತೆಗೆಸಲೇ ಎಂದು ಎಲ್ಲರನ್ನೂ ಕೇಳಿದೆ. ಸೈರನ್ ಬೇಡ ಅಂದ.

"ಅವ್ರು ನಕ್ಕಿದ್ದು ಇದ್ರೇನೇ ಅಲ್ವಾ, ಅಮ್ಮ ಕಾದಿದ್ದು ಗೊತ್ತಾಗೋದು."

ಅದಕ್ಕೇ ಅವರ ಹೆಸರನ್ನು ನಾನಿಲ್ಲಿ ಬರೆದಿಲ್ಲ. ಕಾಗದದ ಮೇಲೆ ಓದಿದವರು ನಗುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ. ಕಾಯಲು ಅಲ್ಲಿ ಅವರಿರುವುದಿಲ್ಲ. ಬೇಕಾದವರು ಬಂದು ಅವರ ದನಿಯಲ್ಲೇ ಕೇಳಬಹುದು, ಟೇಪು ಕ್ಯಾಂಪಿನಲ್ಲಿದೆ.

ನನ್ನ ಹೆಸರನ್ನಂತೂ ನಾನು ಮತ್ತೆ ಬದಲಾಯಿಸಿಕೊಂಡೆ. ಅರ್ಜಿ, ಅಫಿಡವಿಟ್ಟು ಅಂತ ಕಚೇರಿ ಕಚೇರಿ ಅಲೆದೆ, ಗುಮಾಸ್ತರು ಒಳ್ಳೇ ಹೆಸರು ಬಿಟ್ಟು ಇದ್ಯಾಕಮ್ಮ ಎಂದು ಕೇಳಿದರು. ಪ್ರತಿವರ್ಷ ಮೊದಲ ದಿನ ತರಗತಿಗೆ ಹೋಗಿ, ನನ್ನ ಹೆಸರು ಸಾಕಮ್ಮ ಎನ್ನುತ್ತೇನೆ. ಹಿಂದಿನ ಬೆಂಚಿನಿಂದ ಶುರುವಾಗಿ ಮುಂದಿನ ಬೆಂಚಿನವರೆಗೆ ನಗು ಬರುತ್ತದೆ. ನಾನು ತಲೆ ಎತ್ತಿಕೊಂಡು ನಿಂತಿರುತ್ತೇನೆ. ನಗು ನಿಂತಮೇಲೆ, "ಆಯ್ತಾ?" ಎಂದು ಕೇಳಿ, ಪಾಠ ಶುರು ಮಾಡುತ್ತೇನೆ.